ಹಿತ್ತಾಳಿ, ಸ್ಟೀಲ್, ಕಪ್ಪು ಮೂರೂ ಒಂದೇ ಮನ್ಯಾಗ ಹೊಂದ್ತಾವೇನ್ರಿ? (ನವನಗರ, 30×40)

ನವನಗರ_3040 (ಬಾಗಲಕೋಟೆ)

ನಮಸ್ಕಾರ ರೀ ಎಲ್ಲಾರಿಗೂ. 30×40 ಸೈಟಿನ ಮನಿ. ನೆಲದ ಟೈಲ್ಸ್ ಮುಗದೈತಿ, ಬಚ್ಚಲದ ಗ್ವಾಡಿ ಟೈಲ್ಸ್ ಬಾಕಿ ಐತಿ. ಬಾಗಿಲ ಸಾಮಾನು, ನಳ, ಲೈಟು ಇನ್ನೂ ಒಂದೂ ಕೊಂಡಿಲ್ಲ.

ಮೊದಲೇ ಆಗಿಹೋಗಿದ್ದು ಇಷ್ಟು: ಖಿಡಕಿ ಕಪ್ಪು ಅಲ್ಯುಮಿನಿಯಂ, ಪಾವಟಿಗಿ ರೇಲಿಂಗ್ ಸ್ಟೀಲ್, ಅಡಿಗಿಮನಿ ಸಿಂಕ್ ಸ್ಟೀಲ್, ಅಡಿಗಿ ಕಟ್ಟಿ ಇಳಕಲ್ಲಿನ ಕೆಂಪು ಗ್ರಾನೈಟಿಂದು. ಮುಂಬಾಗಿಲು ಸಾಗವಾನಿ, ಅದಕ್ಕ ಹಿತ್ತಾಳಿನೇ ಬೇಕು ಅಂತ ಮನಿ ಮಂದೀದು ಪಟ್ಟು. ಬಚ್ಚಲಕ್ಕ ರೋಸ್ ಗೋಲ್ಡ್ ಹಾಕ್ರಿ, ಈಗ ಅದೇ ನಡದೈತಿ ಅಂತ ಸ್ಯಾನಿಟರಿ ಅಂಗಡ್ಯಾಗ ಹೇಳ್ತಾರ. ನೀರು ಬೋರಿಂದು, ಬಕೀಟಿನ ಅಂಚಿಗೆ ಬಿಳಿ ಪದರ ಕಟ್ಟತೈತಿ.

ಇಷ್ಟೂ ಕೂಡಿದ್ರ ಜಾತ್ರಿ ಆಕ್ಕೈತೇನು? ಬಿಜಾಗರಿ, ಚಿಲಕ, ಹ್ಯಾಂಡಲ್ ಎಲ್ಲಾ ಒಂದೇ ಬಣ್ಣ ಇರಬೇಕಾ? ಈ ನೀರಿಗೆ ಯಾವ ಫಿನಿಶ್ ತಾಳತೈತಿ?

ಒಳಾಂಗಣ_ವಿಜಯಪುರ

ಮೂರು ಲೋಹ ಧಾರಾಳ ಹೊಂದ್ತಾವ ರೀ. ಕೆಡಸೋದು ಅರ್ಧಮರ್ಧ ಹೋಲುವ ಬಣ್ಣ. ಕಪ್ಪಿನ ಬಾಜೂಕ ಹಿತ್ತಾಳಿ ಕೂತ್ರ ಬೇಕಂತಲೇ ಮಾಡ್ಯಾರ ಅಂತ ನೋಡಿದವರಿಗೆ ತಿಳೀತದ. ಕ್ರೋಮ್ ಬಾಜೂಕ ಬ್ರಶ್ಡ್ (ಸಣ್ಣ ಗೆರೆ ಎಳೆದು ಹೊಳಪು ಕಡಿಮಿ ಮಾಡಿದ) ನಿಕ್ಕಲ್ ಕೂತ್ರ ಅಂಗಡ್ಯಾಗ ಸ್ಟಾಕ್ ಮುಗದು ಬ್ಯಾರೇದು ತಂದಾರ ಅನಸ್ತದ. ಯಾಕಂದ್ರ ಕ್ರೋಮಿನ ಹೊಳಪಿನಾಗ ನೀಲಿ ಛಾಯೆ ಅದ, ನಿಕ್ಕಲ್‌ದಾಗ ಹಳದಿ ಛಾಯೆ. ಬಿಡಿಬಿಡಿಯಾಗಿ ನೋಡಿದ್ರ ಎರಡೂ ಬೆಳ್ಳಿ, ಕೂಡಿಸಿ ಇಟ್ರ ಒಂದು ಹೊಲಸಾಗಿ ಕಾಣ್ತದ. ಬಂಗಾರದ ಬಣ್ಣದಾಗಂತೂ ಕೇಳಬ್ಯಾಡ್ರಿ. ಒಂದು ಕಂಪನಿಯ ಸ್ಯಾಟಿನ್ ಗೋಲ್ಡ್‌ಗೂ ಇನ್ನೊಂದರ ಬ್ರಶ್ಡ್ ಬ್ರಾಸ್‌ಗೂ ತಾಳಮೇಳ ಇರೂದಿಲ್ಲ.

ನಿಮ್ಮಲ್ಲಿ ಸ್ಟೀಲ್, ಕಪ್ಪು ಎರಡೂ ಆಗ್ಲೇ ಬಂದು ಕೂತಾವ. ಖಿಡಕಿಯ ಚೌಕಟ್ಟು ಲೋಹ ಅಂತ ಲೆಕ್ಕಕ್ಕ ಹಿಡಿಯೋದನ್ನ ಬಹಳ ಮಂದಿ ಮರೀತಾರ, ಖರೆ ಅಂದ್ರ ಒಂದು ಕೋಣ್ಯಾಗ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿಯೋದು ಅದೇ. ಹಿತ್ತಾಳಿ ಮೂರನೇದು. ಅಲ್ಲಿಗೆ ಸಾಕು ಮಾಡ್ರಿ. ರೋಸ್ ಗೋಲ್ಡ್ ನಾಲ್ಕನೇದು ಆಗ್ತದ, ಮ್ಯಾಲಾಗಿ ಹಿತ್ತಾಳಿಗೆ ಹತ್ತಿರದ ಬಣ್ಣ. ಅದನ್ನ ಬಿಡ್ರಿ.

ಲೆಕ್ಕ ಮನಿಗೆಲ್ಲಾ ಸೇರಿಸಿ ಹಾಕಬ್ಯಾಡ್ರಿ, ಕೋಣಿಕೋಣಿಗೆ ಹಾಕ್ರಿ. ಒಂದು ಕೋಣ್ಯಾಗ ಕಾಣೋ ಲೋಹದಾಗ ಮೂರರಾಗ ಎರಡು ಪಾಲು ಒಂದೇ ಇರಬೇಕು, ಉಳಿದಿದ್ದರಾಗ ಎರಡನೇದು, ಮೂರನೇದು ಬಂದ್ರ ಒಂದೆರಡು ಕಡೆ ಚುಕ್ಕಿ ಇಟ್ಟಂಗ. ಇನ್ನೊಂದು: ಯಾವ ಲೋಹನೂ ಕೋಣ್ಯಾಗ ಒಂಟಿಯಾಗಿ ಇರಬಾರದು. ಪಡಸಾಲ್ಯಾಗ ಹಿತ್ತಾಳಿ ಇರೋದು ಮುಂಬಾಗಿಲಕ್ಕ ಮಾತ್ರ ಅಂದ್ರ ಅದು ಉಳಿದದ್ದಕ್ಕೆ ಸಂಬಂಧ ಇಲ್ಲದಂಗ ಕಾಣ್ತದ. ಎದುರಿನ ದೇವರಮನಿ ಬಾಗಿಲದ ಗಂಟಿ, ಒಂದು ತೂಗುದೀಪ ಹಿತ್ತಾಳಿ ಇದ್ರ ಜೋಡಿ ಸಿಕ್ಕಂಗ.

ಮುಂಬಾಗಿಲದಾಗ ನಿಂತು ಒಳಗ ನೋಡ್ರಿ. ಅಲ್ಲಿಂದ ಒಂದೇ ನೋಟಕ್ಕ ಏನೇನು ಕಾಣ್ತದ, ರೇಲಿಂಗ್, ಖಿಡಕಿ, ದೇವರಮನಿ ಬಾಗಿಲು, ಅಷ್ಟನ್ನು ಹಾಳಿ ಮ್ಯಾಲ ಬರ್ಕೊಳ್ರಿ. ಮೊದಲು ತೀರ್ಮಾನ ಆಗಬೇಕಾದ್ದು ಅಷ್ಟೇ. ಮಲಗೋ ಕೋಣಿಗಳು ಬಾಗಿಲ ಹಾಕಿದ್ರ ಮುಗೀತು, ಅಲ್ಲಿ ಬ್ಯಾರೆ ಲೆಕ್ಕ ನಡೀತದ.

ಪಾನಾ_ಮತ್ತು_ಪೈಪು (ವಿಜಯಪುರ)

ಬಣ್ಣದ ಮಾತು ಅವರು ಹೇಳಿದ್ರು. ನಾ ಬಚ್ಚಲದ್ದಷ್ಟೇ ಹೇಳ್ತೀನಿ.

ಬಿಳಿ ಪದರ ಕಟ್ಟೋದು ಸುಣ್ಣ, ಅಂದ್ರ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಎಲ್ಲಾ ಫಿನಿಶ್ ಮ್ಯಾಲೂ ಕೂಡತದ, ಕಾಣೋದು ಹೆಚ್ಚುಕಡಿಮಿ. ಮ್ಯಾಟ್ ಕಪ್ಪಿನ ಮ್ಯಾಲ ಒಂದೊಂದು ಹನಿಯ ಗುರುತೂ ಎದ್ದು ಕಾಣ್ತದ. ಹೊಳಪಿನ ಕ್ರೋಮ್ ನಡುವ. ಬ್ರಶ್ಡ್ ಸ್ಟೀಲ್ ಅಥವಾ ಬ್ರಶ್ಡ್ ನಿಕ್ಕಲ್ ಎಲ್ಲಕ್ಕಿಂತ ಮುಚ್ಚಿಕೊಳ್ತದ. ಬೋರ್ ನೀರಿಗೆ ಕಪ್ಪು ನಳ ಹಾಕೋರು ದಿನಾ ಸ್ನಾನ ಆದಮ್ಯಾಲ ಒಣ ಅರಿವಿಲೆ ಒರಸಬೇಕಾಗ್ತದ. ಆ ಕೆಲಸಕ್ಕ ಮನ್ಯಾಗ ಯಾರೂ ಇಲ್ಲಂದ್ರ ಬ್ಯಾಡ.

ಕ್ರೋಮಿಗೆ ಪದರ ಕಟ್ಟಿದ್ರ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಕೂಡಸಿ, ಅರಿವಿ ತೋಯಿಸಿ 10 ನಿಮಿಷ ಸುತ್ತಿ ಇಟ್ಟು ತೊಳದು ಒರಸ್ರಿ. ಬಂಗಾರದ ಬಣ್ಣಕ್ಕ, ಕಪ್ಪಿಗೆ ಇದನ್ನ ಮಾಡಬ್ಯಾಡ್ರಿ, ಬರೇ ಸಾಬೂನು ನೀರು. ಸಂಡಾಸ ತೊಳಿಯೋ ಆ್ಯಸಿಡ್ ಯಾವ ನಳಕ್ಕೂ ತಾಕಬಾರದು. ಹೈಡ್ರೊಕ್ಲೋರಿಕ್ ಆ್ಯಸಿಡ್ ಕ್ರೋಮನ್ನ ಕರಗಸ್ತದ, ಕೆಳಗಿನ ನಿಕ್ಕಲ್ ಹಳದಿಯಾಗಿ ಹೊರಗ ಬರ್ತದ.

ಇದಕ್ಕೂ ದೊಡ್ಡ ಗಂಡಾಂತರ ಇನ್ನೊಂದು ಅದ. ಟೈಲ್ಸ್ ಮುಗದ ಮ್ಯಾಲ ಗೌಂಡಿಗಳು ಸಿಮೆಂಟ್ ಕಲೆ ತೆಗಿಯಾಕ ಅದೇ ಆ್ಯಸಿಡ್ ಸುರೀತಾರ. ನಳಕ್ಕ ಒಂದು ಹನಿ ಬೀಳದಿದ್ರೂ, ಬಾಗಿಲ ಮುಚ್ಚಿದ ಬಚ್ಚಲದಾಗ ಅದರ ಹೊಗಿ ಒಂದೇ ರಾತ್ರ್ಯಾಗ ಹೊಸಾ ಕ್ರೋಮ್ ಮಂಕು ಮಾಡ್ತದ, ಸ್ಟೀಲ್ ಜಾಲರಿಗೆ ಕಂದು ಚುಕ್ಕಿ ತರಸ್ತದ. ಆಮ್ಯಾಲ ಮಾಲು ಖೊಟ್ಟಿ ಅಂತ ಅಂಗಡಿಯವನ ಕೂಡ ಜಗಳ! ಕೆಲಸದ ಸರದಿ ಹಿಂಗ ಇಡ್ರಿ: ಟೈಲ್ಸ್, ಗ್ರೌಟ್ (ಟೈಲ್ಸ್ ಸಂದಿ ತುಂಬೋದು), ಆ್ಯಸಿಡ್ ತೊಳೆತ, ಧಾರಾಳ ನೀರು, ಅಡಿಗಿ ಸೋಡಾ ಕಲಸಿದ ನೀರು ಒಂದು ಸುತ್ತು, ಎರಡು ದಿನ ಬಾಗಿಲ ಖಿಡಕಿ ತೆರೆದಿಡೋದು, ಅದರ ಮ್ಯಾಲ ನಳ. ಹೊಗಿ ಬಿಡದ ಸಲ್ಫಾಮಿಕ್ ಆ್ಯಸಿಡಿನ ಟೈಲ್ ಕ್ಲೀನರ್ ಸಿಗ್ತದ, ಅದು ಮೇಲು.

ಗ್ವಾಡಿ ಟೈಲ್ಸ್ ಇನ್ನೂ ಬಾಕಿ ಅಂದ್ರಿ. ಹಂಗಿದ್ರ ಡೈವರ್ಟರ್ (ನೀರನ್ನ ನಳಕ್ಕ ಇಲ್ಲಾ ಶವರಿಗೆ ತಿರುಗಸೋದು) ಇವತ್ತೇ ಗಟ್ಟಿ ಮಾಡ್ರಿ. ಗ್ವಾಡಿ ಒಳಗ ಹುಗಿಯೋ ಬಾಡಿ ಒಂದು ಕಂಪನಿದು, ಹೊರಗಿನ ಮುಖ ಇನ್ನೊಂದರದು ಕೂಡೂದಿಲ್ಲ. ಬಾಡಿ ಯಾವುದು ಹಾಕ್ತೀರಿ, ಫಿನಿಶ್ ಆಯ್ಕೆ ಆ ಕಂಪನಿಯೊಳಗ ಮಾತ್ರ. ಬಾಡಿಯ ಪ್ಲಾಸ್ಟಿಕ್ ಟೋಪಿ ಮ್ಯಾಲ ಕನಿಷ್ಠ, ಗರಿಷ್ಠ ಅಂತ ಗೆರೆ ಇರ್ತಾವ. ಟೈಲ್ಸಿನ ಹೊರಮೈ ಆ ಎರಡು ಗೆರೆ ನಡುವ ಬರಬೇಕು. ಒಳಗ ಹೋಯ್ತೋ, ಮುಖ ಮುಟ್ಟೂದಿಲ್ಲ, ಎಕ್ಸ್‌ಟೆನ್ಶನ್ ಹುಡುಕ್ಕೋತ ತಿರಗಬೇಕು.

ನವನಗರ_3040

ಸರ, ಬಚ್ಚಲದಾಗ ದೊಡ್ಡ ಸಾಮಾನು ಒಂದು ಬಣ್ಣ, ಕಾಣದಿರೋ ಸಣ್ಣಪುಟ್ಟ ಸಾಮಾನು ಕ್ರೋಮ್ ಹಾಕಿದ್ರ ನಡೀತೈತೇನು? ರೊಕ್ಕ ಉಳೀತೈತಿ.

ಪಾನಾ_ಮತ್ತು_ಪೈಪು

ಕಾಣೂದಿಲ್ಲ ಅಂತ ಯಾರು ಹೇಳಿದ್ರು? ಒಂದು ಬಚ್ಚಲಕ್ಕ ಆ್ಯಂಗಲ್ ಕಾಕ್ (ಗ್ವಾಡಿ ಪೈಪಿನ ನೀರು ಬಂದ್ ಮಾಡೋ ಸಣ್ಣ ನಳ) ಎಣಿಸ್ರಿ: ಗೀಸರಿಗೆ 2, ಬೇಸಿನ್ನಿಗೆ ಬಿಸಿ ತಣ್ಣೀರು 2, ಕಮೋಡ್ ಟ್ಯಾಂಕಿಗೆ 1, ಹೆಲ್ತ್ ಫಾಸೆಟ್ಟಿಗೆ 1. ಒಟ್ಟು 6. ಬೇಸಿನ್ ಕೆಳಗ ಬಾಟಲ್ ಟ್ರ್ಯಾಪ್ (ಹೊಲಸ ನೀರು ಹೋಗೋ ಬಾಟಲಿಯಂಥ ಭಾಗ), ವೇಸ್ಟ್ ಕಪ್ಲಿಂಗ್ (ಬೇಸಿನ್ನಿನ ತೂತಿನ ಜೋಡಣಿ), ನೆಲದ ಜಾಲರಿ. ಕಪ್ಪು ನಳದ ಕೆಳಗ ಥಳಥಳ ಕ್ರೋಮ್ ಬಾಟಲ್ ಟ್ರ್ಯಾಪ್ ಜೋತಾಡಿದ್ರ ಬಾಗಲದಾಗ ನಿಂತವರಿಗೇ ಮೊದಲು ಕಾಣೋದು ಅದು. ಬೇಸಿನ್ ಕೆಳಗ ಕಪಾಟು ಮಾಡಿಸಿದ್ರ ಕ್ರೋಮ್ ಹಾಕ್ರಿ, ಇಲ್ಲಂದ್ರ ಬ್ಯಾಡ. ಗೀಸರ್ ಹತ್ತಿರದ್ದು ಮತ್ತ ಜಾಲರಿ ಸ್ಟೀಲ್/ಕ್ರೋಮ್ ಇದ್ರ ಯಾರೂ ತಲಿ ಕೆಡಿಸ್ಕೊಳ್ಳೂದಿಲ್ಲ.

ಲೇಪದ_ಲೆಕ್ಕ (ಉದ್ಯಮಬಾಗ, ಬೆಳಗಾವಿ)

ಫಿನಿಶ್‌ಗಳ ಬಗ್ಗೆ ಸ್ವಲ್ಪ ತಾಂತ್ರಿಕವಾಗಿ ಹೇಳುತ್ತೇನೆ, ಏಕೆಂದರೆ ಅಂಗಡಿಗಳಲ್ಲಿ ಎಲ್ಲವನ್ನೂ 'ಕೋಟಿಂಗ್' ಎಂದು ಹೇಳಿ ಮುಗಿಸುತ್ತಾರೆ.

ಒಳ್ಳೆಯ ಕ್ರೋಮ್ ನಳವೆಂದರೆ ಹಿತ್ತಾಳೆಯ ಎರಕ, ಅದರ ಮೇಲೆ ಸುಮಾರು 8ರಿಂದ 10 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು) ನಿಕ್ಕಲ್, ಅದರ ಮೇಲೆ ಕ್ರೋಮ್ ಬರೀ 0.3 ಮೈಕ್ರಾನ್ ಆಸುಪಾಸು. ತುಕ್ಕು ತಡೆಯುವ ಕೆಲಸ ನಿಕ್ಕಲಿನದು, ಗೀರು ತಡೆಯುವ ಕೆಲಸ ಕ್ರೋಮಿನದು. ನಾರು, ಪಾತ್ರೆ ತಿಕ್ಕುವ ಪುಡಿ ಬಳಸಿದರೆ ಆ 0.3 ಮೈಕ್ರಾನ್ ಎಷ್ಟು ಕಾಲ ಉಳಿದೀತು ನೀವೇ ನೋಡಿ.

ಬಂಗಾರದ ಬಣ್ಣ ಮೂರು ದಾರಿಯಲ್ಲಿ ಬರುತ್ತದೆ. ಒಂದು ಪಿವಿಡಿ: ನಿರ್ವಾತದ ಕೋಣೆಯಲ್ಲಿ ಟೈಟಾನಿಯಂ ಅಥವಾ ಜಿರ್ಕೋನಿಯಂ ಅನ್ನು ಆವಿ ಮಾಡಿ ನೈಟ್ರೋಜನ್ ಜೊತೆ ಕೂಡಿಸಿ ಮೇಲ್ಮೈಗೆ ಹಿಡಿಸುವುದು. ಟೈಟಾನಿಯಂ ನೈಟ್ರೈಡ್ ದಟ್ಟ ಬಂಗಾರ, ಜಿರ್ಕೋನಿಯಂ ನೈಟ್ರೈಡ್ ತಿಳಿ ಹಿತ್ತಾಳೆ. ಪದರ ಒಂದು ಮೈಕ್ರಾನ್ ಒಳಗೇ ಇರುತ್ತದೆ, ಆದರೆ ಕ್ರೋಮಿಗಿಂತ ಎರಡು ಪಟ್ಟಿಗೂ ಹೆಚ್ಚು ಗಟ್ಟಿ. ಎರಡನೆಯದು ಬಂಗಾರದ ಬಣ್ಣದ ಲ್ಯಾಕರ್, ಕ್ರೋಮ್ ಮೇಲೆ ಬಣ್ಣದ ಪಾರದರ್ಶಕ ಪದರ. ಬೆಲೆ ಕಡಿಮೆ, ಉಗುರಿನ ಗೀರಿಗೂ ಕೆಳಗಿನ ಬೆಳ್ಳಿ ಬಣ್ಣ ಇಣುಕುತ್ತದೆ. ಮೂರನೆಯದು ನಿಜವಾದ ಹಿತ್ತಾಳೆಯೇ.

ಪಿವಿಡಿ ಮಾಡಿದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಅದು ಕೆಳಗಿನ ನಿಕ್ಕಲ್ ಎಷ್ಟು ಒಳ್ಳೆಯದೋ ಅಷ್ಟೇ ಒಳ್ಳೆಯದು. ನಿಕ್ಕಲಿನಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೆ ಅಲ್ಲಿಂದಲೇ ಹಸಿರು ಚುಕ್ಕೆ ಏಳುತ್ತದೆ.

ಕಪ್ಪಿನಲ್ಲೂ ಹಾಗೆಯೇ. ಖಿಡಕಿ, ಹಿಡಿಕೆಗಳಿಗೆ ಪೌಡರ್ ಕೋಟಿಂಗ್, 60ರಿಂದ 80 ಮೈಕ್ರಾನ್, 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 10–15 ನಿಮಿಷ ಬೇಯಿಸಿದ್ದು. ದಪ್ಪ ಇದೆ ಎಂದು ಗಟ್ಟಿ ಎನ್ನಲಾಗದು. ಚೂಪಾದ ಅಂಚುಗಳಲ್ಲಿ ಪುಡಿ ತೆಳುವಾಗಿ ಕೂರುವುದರಿಂದ ಅಲ್ಲೇ ಮೊದಲು ಸವೆಯುತ್ತದೆ. ಕಪ್ಪು ಹಿಡಿಕೆ ಕೊಳ್ಳುವಾಗ ಅಂಚು ದುಂಡಗಿರುವುದನ್ನೇ ಆರಿಸಿ.

ನವನಗರ_3040

ಪಿವಿಡಿ ಅಂತ ಹೇಳಿ ಲ್ಯಾಕರ್ ಕೊಟ್ರ ಹೆಂಗ ಗೊತ್ತಾಗಬೇಕ್ರಿ?

ಲೇಪದ_ಲೆಕ್ಕ

ನಳವನ್ನು ತಿರುಗಿಸಿ ಗೋಡೆಗೆ ಕೂರುವ ಹಿಂಭಾಗ ನೋಡಿ. ಲ್ಯಾಕರ್ ಆದರೆ ಮೂಲೆಗಳಲ್ಲಿ ಬಣ್ಣ ದಟ್ಟವಾಗಿ ಮಡುಗಟ್ಟಿರುತ್ತದೆ, ಅಂಚಿನಲ್ಲಿ ತೆಳುವಾಗಿರುತ್ತದೆ. ಪಿವಿಡಿಯಲ್ಲಿ ಹಾಗೆ ಮಡುಗಟ್ಟುವುದಿಲ್ಲ. ಉಗುರುಬಣ್ಣ ತೆಗೆಯುವ ಅಸಿಟೋನ್ ಹತ್ತಿಯಲ್ಲಿ ಅದ್ದಿ ಹಿಂಭಾಗದಲ್ಲಿ ಅರ್ಧ ನಿಮಿಷ ಉಜ್ಜಿದರೆ ಅಗ್ಗದ ಲ್ಯಾಕರ್ ಮೆತ್ತಗಾಗಿ ಹತ್ತಿಗೆ ಬಣ್ಣ ಹತ್ತುತ್ತದೆ. ಬೇಯಿಸಿದ ಲ್ಯಾಕರ್ ಈ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು, ಆದ್ದರಿಂದ ಬಿಲ್ಲಿನ ಮೇಲೆ 'ಪಿವಿಡಿ' ಎಂದು ಬರೆಸಿಕೊಳ್ಳಿ, ಫಿನಿಶ್‌ಗೆ ಎಷ್ಟು ವರ್ಷದ ವಾರಂಟಿ ಎಂಬುದನ್ನೂ ಬರೆಸಿ. ನಳದ ವಾರಂಟಿ ಬೇರೆ, ಫಿನಿಶ್ ವಾರಂಟಿ ಬೇರೆ.

ರೇಲಿಂಗ್ ಸ್ಟೀಲಿನ ದರ್ಜೆ 304ಓ 202ಓ ಕೇಳಿದ್ದೀರಾ? ಅಯಸ್ಕಾಂತ ಇಟ್ಟು ತೋರಿಸಿದರೆ ನಂಬಬೇಡಿ, 202 ಕೂಡ ಅಂಟುವುದಿಲ್ಲ. 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಅರ್ಧದಷ್ಟು ಕಡಿಮೆ, ಬದಲಿಗೆ ಮ್ಯಾಂಗನೀಸ್. ಸ್ಟೀಲ್ ಪರೀಕ್ಷೆಗೆಂದೇ ಸಣ್ಣ ಬ್ಯಾಟರಿ ಜೊತೆ ಮಾರುವ ದ್ರವದ ಹನಿ 202 ಮೇಲೆ ಕೆಲವೇ ಕ್ಷಣದಲ್ಲಿ ಕೆಂಪಾಗುತ್ತದೆ. ವೆಲ್ಡಿಂಗ್ ಕಡ್ಡಿ 308ಎಲ್ ಇರಲಿ. ಕಬ್ಬಿಣಕ್ಕೆ ಬಳಸಿದ ಗ್ರೈಂಡಿಂಗ್ ಚಕ್ರವನ್ನೇ ಇದಕ್ಕೂ ಬಳಸಿದರೆ ಕಬ್ಬಿಣದ ಕಣ ಸೇರಿಕೊಂಡು 304 ಕೂಡ ಕೀಲುಗಳಲ್ಲಿ ಜಂಗು ಹಿಡಿಯುತ್ತದೆ.

ಬಡಿಗತನ (ಗೋಕಾಕ)

ಬಿಜಾಗರಿ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಒಂದು ಬಾಗಲಕ್ಕ ಇರೋ ಸಾಮಾನೆಲ್ಲಾ ಒಂದೇ ಬಣ್ಣ ಇರಬೇಕು: ಬಿಜಾಗರಿ, ಚಿಲಕ, ಹ್ಯಾಂಡಲ್, ಲಾಕ್ ಪ್ಲೇಟ್, ಸ್ಟಾಪರ್. ಬಾಗಲದಿಂದ ಬಾಗಲಕ್ಕ ಬ್ಯಾರೆ ಇದ್ರ ಅಡ್ಡಿಯಿಲ್ಲ. ಪಡಸಾಲಿ ಕಡೆ ಕಾಣೋ ಒಳಬಾಗಿಲಗಳಿಗೆ ಮ್ಯಾಟ್ ಸ್ಟೀಲ್, ಮುಂಬಾಗಲಕ್ಕ ಮತ್ತ ದೇವರಮನಿಗೆ ಹಿತ್ತಾಳಿ. ಒಳಬಾಗಿಲಕ್ಕ 4 ಇಂಚಿನ ಬಿಜಾಗರಿ 3, ಸಾಗವಾನಿ ಮುಂಬಾಗಲಕ್ಕ 5 ಇಂಚಿಂದು 4. ಭಾರದ ಬಾಗಲಕ್ಕ 3 ಹಾಕಿ ಉಳಸಾಕ ಹೋದ್ರ ಮಳಿಗಾಲದಾಗ ಕೆಳಗ ತಿಕ್ಕಾಕ ಚಾಲೂ ಮಾಡ್ತೈತಿ.

ಹಿತ್ತಾಳಿ ಬಿಜಾಗರಿಗೆ ಕಬ್ಬಿಣದ ಸ್ಕ್ರೂ ಹೊಡಿಯೋರು ಅದಾರ, ಅದು ತಪ್ಪು. ಎರಡು ಲೋಹದ ನಡುವ ತೇವ ಬಂತಂದ್ರ ಕಬ್ಬಿಣ ತಾನು ಸವೆದು ಹಿತ್ತಾಳಿ ಉಳಸತೈತಿ. ದೊಡ್ಡ ಹಿತ್ತಾಳಿ ತುಂಡಿಗೆ ಸಣ್ಣ ಕಬ್ಬಿಣದ ಸ್ಕ್ರೂ ಅಂದ್ರ ಇನ್ನೂ ಲಗೂ ಹೋಗತೈತಿ, ಸಾಗವಾನಿ ಮ್ಯಾಲ ಕರಿ ಕಲೆ ಇಳೀತೈತಿ. ಹಿತ್ತಾಳಿ ಸ್ಕ್ರೂನೇ ಬೇಕು. ಆದ್ರ ಹಿತ್ತಾಳಿ ಮೆತ್ತಂದು, ಸೀದಾ ಹೊಡೆದ್ರ ತಲಿ ಮುರದು ಒಳಗ ಉಳೀತೈತಿ. ಅದಕ್ಕ 8 ನಂಬರ್ ಸ್ಕ್ರೂಕ್ಕ 3 ಮಿ.ಮೀ. ಬಿಟ್ಟಿನಿಂದ ತೂತು ಕೊರೀರಿ. ಅದೇ ಅಳತಿ ಕಬ್ಬಿಣದ ಸ್ಕ್ರೂ ಒಮ್ಮಿ ತಿರುವಿ ಹಾದಿ ಮಾಡಿ ತಗೀರಿ. ಹಿತ್ತಾಳಿ ಸ್ಕ್ರೂಕ್ಕ ಒಣ ಸಾಬೂನು ಇಲ್ಲಾ ಮೇಣ ತಿಕ್ಕಿ ಕೈಲೆ ಬಿಗೀರಿ. ಡ್ರಿಲ್ ಮಷಿನ್ ಬ್ಯಾಡ, ಕೈಲೇ.

ಅಡಿಗಿಮನಿ_ಅಳತಿ (ಬೆಳಗಾವಿ)

ಕೆಂಪು ಗ್ರಾನೈಟ್ ಕಟ್ಟಿ ಅಂದ್ರಿ. ಇಳಕಲ್ ಕಲ್ಲಿಗೆ ಗುಲಾಬಿ ಛಾಯೆ ಇರ್ತೈತಿ. ಅದರ ಮ್ಯಾಲ ಹೊಳಿಯೋ ಬಂಗಾರ, ರೋಸ್ ಗೋಲ್ಡ್, ತಾಂಬ್ರ ಬಂದ್ರ ಕಲ್ಲೂ ಮಂಕು, ಲೋಹನೂ ಮಂಕು. ಕಪ್ಪು ಹ್ಯಾಂಡಲ್ ಹಾಕ್ರಿ, ಖಿಡಕಿಗೂ ಕೂಡತೈತಿ. ಸಿಂಕ್ ಸ್ಟೀಲ್ ಐತಿ, ನಳನೂ ಸ್ಟೀಲೇ ಇರಲಿ. ನಳ ಮತ್ತ ಸಿಂಕ್ ಒಂದೇ ಬಣ್ಣ ಇರಬೇಕು ಅಂತ ಕಾಯ್ದೆ ಏನಿಲ್ಲ, ಆದ್ರ ಈ ನೀರಿಗೆ ಅದೇ ಛಲೋ.

ಹ್ಯಾಂಡಲ್ ಕೊಳ್ಳೋವಾಗ ಉದ್ದ ನೋಡಬ್ಯಾಡ್ರಿ, ಎರಡು ತೂತಿನ ನಡುವಿನ ಅಂತರ ನೋಡ್ರಿ. 96, 128, 160, 192, ಎಲ್ಲಾ 32 ಮಿ.ಮೀ. ಮಗ್ಗಿ. ಮನಿಗೆಲ್ಲಾ ಒಂದೋ ಎರಡೋ ಅಳತಿ ಇಟ್ಕೊಂಡ್ರ ಮುಂದ ಬಣ್ಣ ಬದಲಿಸಬೇಕಾದ್ರ ಹಳೇ ತೂತಿಗೇ ಹೊಸಾದು ಕೂಡತೈತಿ. ಸ್ಕ್ರೂ ಎಂ4, ಅಂದ್ರ 4 ಮಿ.ಮೀ. ದಪ್ಪದ್ದು. ಎರಡೂ ಕಡೆ ಲ್ಯಾಮಿನೇಟ್ ಸೇರಿ 18 ಮಿ.ಮೀ. ಶಟರ್ (ಕಪಾಟಿನ ಕದ) ಸುಮಾರು 20 ಆಗತೈತಿ, 25ರ ಸ್ಕ್ರೂ ಸಾಕು. ಡ್ರಾವರಿಗೆ ಮುಂದಿನ ಹಲಗಿ, ಒಳಗಿನ ಡಬ್ಬಿ ಹಲಗಿ ಎರಡೂ ಇದ್ರ 45 ಬೇಕು. ಹ್ಯಾಂಡಲಿನ ಪ್ಯಾಕೆಟ್ಟಿನೊಳಗ ಬರೋದು 25ರದ್ದಷ್ಟೇ, ಉದ್ದಂದು ಬ್ಯಾರೆ ಕೇಳಿ ತಗೋಬೇಕು.

ಲೈಟಿನ ಮಾತು ಯಾರೂ ಎತ್ತಲಿಲ್ಲ. 6500 ಕೆಲ್ವಿನ್ ಬಿಳಿ ಟ್ಯೂಬಿನ ಕೆಳಗ ಹಿತ್ತಾಳಿ ಹಸಿರುಗಟ್ಟಿದಂಗ ಕಾಣತೈತಿ. 3000 ಕೆಲ್ವಿನ್‌ದಾಗ ತುಂಬಿ ಬರತೈತಿ, ಕ್ರೋಮ್ ತುಸು ಹಳದಿ ಆಗತೈತಿ. ಹಿತ್ತಾಳಿ ಇರೋ ಪಡಸಾಲಿ, ದೇವರಮನಿಗೆ 3000, ಅಡಿಗಿಮನಿಗೆ 4000.

ಒಳಾಂಗಣ_ವಿಜಯಪುರ

ಲೈಟಿಂದು ಒಪ್ಪಿದೆ, ಒಂದು ತಿದ್ದುಪಡಿ. ಪಡಸಾಲಿ ಮತ್ತ ಅಡಿಗಿಮನಿ ನಡುವ ಗ್ವಾಡಿ ಇಲ್ಲಂದ್ರ 3000 ಮತ್ತ 4000 ಬಾಜೂಕ ಬಾಜೂಕ ಉರಿದು ನೆಲದ ಮ್ಯಾಲ ಎರಡು ಬಣ್ಣ ಬೀಳ್ತಾವ. ಹಂಗಿದ್ರ ಎಲ್ಲಾ 4000 ಮಾಡಿ, ಹಿತ್ತಾಳಿ ಹತ್ತಿರದ ದೀಪ ಅಷ್ಟೇ 3000 ಹಾಕ್ರಿ.

ಕಪ್ಪು ಬೆಳ್ಳಿ ಜೋಡಿ ಹೆಂಗ ಕಾಣಬೇಕು ಅನ್ನೋದಕ್ಕ ಬಿದರಿ ಸಾಮಾನು ನೋಡ್ರಿ. ಸತುವಿನ ಕಪ್ಪು ದೊಡ್ಡದು, ಬೆಳ್ಳಿ ಗೆರೆ ಸಣ್ಣದು, ಎಲ್ಲೂ ಅರ್ಧಕ್ಕರ್ಧ ಇಲ್ಲ. ಬಿದರಿ ಹೂದಾನಿ ಇಡೋರಿದ್ರ ಹುಣಸಿಹುಳಿ, ಪಾಲಿಶ್ ಪುಡಿ ತಾಗಿಸಬ್ಯಾಡ್ರಿ, ಕಪ್ಪೇ ಹೋಗಿಬಿಡ್ತದ. ಕೊಬ್ಬರಿ ಎಣ್ಣಿ ಹಚ್ಚಿ ಮೆತ್ತನ ಅರಿವಿಲೆ ಒರಸಿದ್ರ ಸಾಕು.

ದೇವರ_ಗಂಟಿ (ಜಮಖಂಡಿ)

ದೇವರಮನಿ ಬಾಗಲಕ್ಕ ಪಿವಿಡಿ ಬಂಗಾರದ ಹ್ಯಾಂಡಲ್, ಒಳಗ ಖರೇ ಹಿತ್ತಾಳಿ ದೀಪ, ಗಂಟಿ ಇದ್ರ ಹೊಂದ್ತಾವೇನ್ರಿ?

ಲೇಪದ_ಲೆಕ್ಕ

ಹೊಂದುವುದಿಲ್ಲ. ಪಿವಿಡಿ ಕೊನೆಯವರೆಗೂ ಅಂಗಡಿಯ ಬಣ್ಣದಲ್ಲೇ ಇರುತ್ತದೆ, ಹಿತ್ತಾಳೆ ದಿನದಿನಕ್ಕೆ ಕಂದಾಗುತ್ತದೆ, ಬೆಳಗಾವಿಯ ಮಳೆಗಾಲದಲ್ಲಂತೂ ಬೇಗ. ದೇವರಮನೆಗೆ ಖರೇ ಹಿತ್ತಾಳೆಯನ್ನೇ ಹಾಕಿ, ಲ್ಯಾಕರ್ ಇಲ್ಲದ್ದು. ಲ್ಯಾಕರ್ ಇದ್ದರೆ ಕೈ ತಾಗುವ ಕಡೆ ಅದು ಎದ್ದು, ಅಲ್ಲಿ ಮಾತ್ರ ಕಪ್ಪು ಮಚ್ಚೆಯಾಗುತ್ತದೆ. ಹುಣಸೆಹುಳಿ ಹಚ್ಚಿದರೆ ಒಂದೆರಡು ನಿಮಿಷದಲ್ಲಿ ತೊಳೆದು ಒಣಗಿಸಿ. ಬಿಟ್ಟರೆ ಮೇಲ್ಮೈಯ ಸತು ಹೋಗಿ ತಾಮ್ರದ ಗುಲಾಬಿ ಬಣ್ಣ ಉಳಿಯುತ್ತದೆ. ಹಿತ್ತಾಳೆ ಪಟ್ಟಿ ಅಂಟಿಸಲು ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದು ಬಿಡುವ ಅಸಿಟಿಕ್ ಆ್ಯಸಿಡ್ ಹಿತ್ತಾಳೆಯ ಅಂಚಿಗೆ ಹಸಿರು ತರುತ್ತದೆ. ಡಬ್ಬಿಯ ಮೇಲೆ 'ನ್ಯೂಟ್ರಲ್' ಎಂದಿರುವುದನ್ನು ತನ್ನಿ.

ನವನಗರ_3040

ಭಾಳ ಉಪಕಾರ ಆತ್ರಿ. ಕಡೀ ಪಟ್ಟಿ ಹಿಂಗ ಮಾಡೇನಿ, ನೋಡ್ರಿ:

ಪಡಸಾಲಿ: ಖಿಡಕಿ ಮತ್ತ ಪಡದೆ ರಾಡ್ ಕಪ್ಪು, ರೇಲಿಂಗ್ ಸ್ಟೀಲ್, ಮುಂಬಾಗಿಲ, ದೇವರಮನಿ, ಒಂದು ತೂಗುದೀಪ ಹಿತ್ತಾಳಿ. ಒಳಬಾಗಿಲ ಐದಕ್ಕೂ ಮ್ಯಾಟ್ ಸ್ಟೀಲ್, 4 ಇಂಚಿನ ಬಿಜಾಗರಿ 15. ಅಡಿಗಿಮನಿ: ಸಿಂಕ್, ನಳ ಸ್ಟೀಲ್, ಹ್ಯಾಂಡಲ್ ಕಪ್ಪು 160. ಎರಡೂ ಬಚ್ಚಲ: ಬ್ರಶ್ಡ್ ನಿಕ್ಕಲ್ ಪೂರಾ ಸೆಟ್, ಕನ್ನಡಿ ಚೌಕಟ್ಟು ಮತ್ತ ಟವೆಲ್ ರಾಡ್ ಕಪ್ಪು. ಆ್ಯಂಗಲ್ ಕಾಕ್ 12.

ಪಾನಾ_ಮತ್ತು_ಪೈಪು

ಟವೆಲ್ ರಾಡ್ ನಳದ ಬಾಜೂಕ ಬರ್ತದೋ, ಕನ್ನಡಿ ಬಾಜೂಕೋ? ಕನ್ನಡಿ ಕಡೆ ಇದ್ರ ಕಪ್ಪು ಸರಿ, ಶವರ್ ಕಡೆ ಇದ್ರ ನಿಕ್ಕಲ್ ಮಾಡ್ರಿ. ಗೀಸರಿನ 4 ಕಾಕ್ ಕ್ರೋಮ್ ತಗೊಳ್ರಿ, ಬಾಕಿ 8 ನಿಕ್ಕಲ್. ನಿಕ್ಕಲ್‌ದಾಗ 2 ಹೆಚ್ಚಿಗಿ ಅದೇ ಬ್ಯಾಚಿಂದು ತಂದಿಡ್ರಿ, ಬೋರ್ ನೀರಿಗೆ ಮೊದಲು ಹಿಡಕೊಳ್ಳೋದು ಆ್ಯಂಗಲ್ ಕಾಕಿನ ಒಳಗಿನ ಕಡ್ಡಿ. ಬಿಗಿಯೋವಾಗ ಹಲ್ಲಿನ ಪಾನಾ ಸೀದಾ ಹಚ್ಚಬಾರದು ಅಂತ ಪ್ಲಂಬರನಿಗೆ ಮೊದಲೇ ಹೇಳ್ರಿ, ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿ ಹಿಡಿಯಬೇಕು.

ಬಡಿಗತನ

ಪಟ್ಟ್ಯಾಗ ಮುಂಬಾಗಿಲದ 5 ಇಂಚಿನ 4 ಬಿಜಾಗರಿ ಬರದಿಲ್ಲ, ಸೇರಸ್ರಿ. ದೇವರಮನಿ ಜೋಡಿ ಕದಕ್ಕ 3 ಇಂಚಿನ ಹಿತ್ತಾಳಿ ಕದಕ್ಕೊಂದು ಜೋಡಿ, ಒಟ್ಟು 4. ಸಾಮಾನು ಮೊದಲು ಕೂಡಸಿ ನೋಡಿ, ಎಲ್ಲಾ ಬಿಚ್ಚಿ, ಬಾಗಲಕ್ಕ ಪಾಲಿಶ್ ಮಾಡಸಿ, ಅದು ಪೂರಾ ಒಣಗಿದ ಮ್ಯಾಲ ತಿರಗಿ ಕೂಡಸ್ರಿ. ಕೂಡಸಿದ ಮ್ಯಾಲೇ ಪಾಲಿಶ್ ಹೊಡೆದ್ರ ಹಿತ್ತಾಳಿ ಅಂಚಿಗೆಲ್ಲಾ ಮೆಲಮೈನ್ ಹತ್ತತೈತಿ, ಅದನ್ನ ಥಿನ್ನರ್ ಹಚ್ಚಿ ಬಿಡಸಾಕ ಹೋದ್ರ ಕಟಗಿ ಪಾಲಿಶೂ ಏಳತೈತಿ. ಬಿಚ್ಚುವಾಗ ಯಾವ ಸ್ಕ್ರೂ ಯಾವ ಬಿಜಾಗರಿದು ಅಂತ ಬ್ಯಾರೆ ಬ್ಯಾರೆ ಚೀಲದಾಗ ಹಾಕಿ ನಂಬರ್ ಬರೀರಿ.